‘ಕಾರ್ಡ್ ಆದರೆ ಶೇ 2 ಹೆಚ್ಚು’: ಈ ಶುಲ್ಕ ಏನು, ಎಷ್ಟು, ಯಾರ ಪಾಲಿಗೆ?

ಓದುಗರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ, ಅದು ಗಲ್ಲಾಪೆಟ್ಟಿಗೆಯ ಎರಡೂ ಬದಿಗಳಿಂದ ಬರುತ್ತದೆ. ಕೊಳ್ಳುವವರು ಕೇಳುವುದು ಹೀಗೆ: ‘ಕಾರ್ಡ್ ಕೊಟ್ಟರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಎಂದು ಅಂಗಡಿಯವರು ಹೇಳಿದರು, ಹಾಗೆ ಕೇಳಲು ಅವರಿಗೆ ಅಧಿಕಾರವಿದೆಯೇ?’ ಮಾರುವವರು ಕೇಳುವುದು ಹೀಗೆ: ‘₹4,000ದ ಬಿಲ್ಲಿಗೆ ಕಾರ್ಡ್ ಉಜ್ಜಿಸಿಕೊಂಡೆ, ಮರುದಿನ ಖಾತೆಗೆ ₹3,905 ಬಂದಿದೆ, ಉಳಿದದ್ದು ಎಲ್ಲಿ ಹೋಯಿತು?’ ಇಬ್ಬರಿಗೂ ಉತ್ತರ ಸಿಗುವುದು ಒಂದೇ ಕಡೆ: ಯಂತ್ರಕ್ಕೆ ಕೊಟ್ಟ ಕಾರ್ಡ್ ಯಾವ ಬಗೆಯದು ಎಂಬುದರಲ್ಲಿ. ‘ಕಾರ್ಡ್’ ಎಂಬ ಒಂದೇ ಮಾತಿನಡಿ ಶುಲ್ಕವೇ ಇಲ್ಲದ ಪಾವತಿಯೂ ಇದೆ, ನೂರಕ್ಕೆ ಮೂರು ರೂಪಾಯಿ ಹಿಡಿಯುವ ಪಾವತಿಯೂ ಇದೆ. ಇವನ್ನು ಬೇರ್ಪಡಿಸಿ ನೋಡದೆ ನಡೆಯುವ ವಾದ ಜಗಳದಲ್ಲಿ ಮುಗಿಯುತ್ತದೆಯೇ ಹೊರತು ಇತ್ಯರ್ಥವಾಗುವುದಿಲ್ಲ.

ಗ್ರಾಹಕರಾದರೆ ನಿಮ್ಮ ಕಾರ್ಡ್‌ಗಳನ್ನೂ ಹಿಂದಿನ ತಿಂಗಳ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟನ್ನೂ ಎದುರಿಗೆ ಇಟ್ಟುಕೊಳ್ಳಿ. ವ್ಯಾಪಾರಿಗಳಾದರೆ ಸ್ವೈಪ್ ಯಂತ್ರ ಕೊಟ್ಟ ಬ್ಯಾಂಕಿನೊಂದಿಗೆ ಮಾಡಿಕೊಂಡ ಒಪ್ಪಂದದ ಪ್ರತಿ, ಒಂದು ತಿಂಗಳ ಸೆಟ್ಲ್‌ಮೆಂಟ್ ವರದಿ (ಯಾವ ವಹಿವಾಟಿಗೆ ಎಷ್ಟು ಕಡಿದು ಎಷ್ಟು ಜಮೆ ಮಾಡಲಾಗಿದೆ ಎಂಬ ಪಟ್ಟಿ), ಹಿಂದಿನ ಆರ್ಥಿಕ ವರ್ಷದ ಒಟ್ಟು ವಹಿವಾಟಿನ ಮೊತ್ತ, ಇಷ್ಟು ಬೇಕು. ಒಪ್ಪಂದದ ಪ್ರತಿ ಕೈಯಲ್ಲಿಲ್ಲದಿದ್ದರೆ ಮೊದಲು ಅದನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ. ಸಹಿ ಹಾಕಿದ ಕಾಗದವನ್ನು ಓದದೆ ವರ್ಷಗಟ್ಟಲೆ ಶುಲ್ಕ ಕಟ್ಟುತ್ತಿರುವ ಅಂಗಡಿಗಳು ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚಿವೆ.

ಹಂತ 1: ಹಣ ಯಾರ ಯಾರ ಕೈ ದಾಟುತ್ತದೆ ಎಂದು ತಿಳಿಯಿರಿ

ಕಾರ್ಡ್ ಪಾವತಿಗೆ ವ್ಯಾಪಾರಿಯಿಂದ ಕಡಿದುಕೊಳ್ಳುವ ಶುಲ್ಕಕ್ಕೆ ‘ಮರ್ಚೆಂಟ್ ಡಿಸ್ಕೌಂಟ್ ರೇಟ್’, ಚಿಕ್ಕದಾಗಿ ಎಂಡಿಆರ್ ಎಂದು ಹೆಸರು. ಹೆಸರಿನಲ್ಲಿ ‘ಡಿಸ್ಕೌಂಟ್’ ಎಂದಿದ್ದರೂ ಇದು ಯಾರಿಗೂ ಸಿಗುವ ರಿಯಾಯಿತಿಯಲ್ಲ, ಬಿಲ್ಲಿನ ಮೊತ್ತದಲ್ಲಿ ಮುರಿದುಕೊಳ್ಳುವ ಪಾಲು. ಈ ಪಾಲು ಮೂರು ಕಡೆ ಹಂಚಿಹೋಗುತ್ತದೆ. ದೊಡ್ಡ ಭಾಗ ಗ್ರಾಹಕರಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸೇರುತ್ತದೆ. ಇದನ್ನು ಇಂಟರ್‌ಚೇಂಜ್ ಎನ್ನುತ್ತಾರೆ. ಇನ್ನೊಂದು ಭಾಗ ಅಂಗಡಿಗೆ ಯಂತ್ರ ಒದಗಿಸಿ ಹಣವನ್ನು ಖಾತೆಗೆ ತಲುಪಿಸುವ ಬ್ಯಾಂಕ್ ಅಥವಾ ಪಾವತಿ ಕಂಪನಿಗೆ. ಉಳಿದ ಸಣ್ಣ ಭಾಗ ಇವೆರಡರ ನಡುವೆ ಸಂದೇಶ ಸಾಗಿಸುವ ಜಾಲಕ್ಕೆ, ಅಂದರೆ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮುಂತಾದವಕ್ಕೆ.

ಕ್ರೆಡಿಟ್ ಕಾರ್ಡ್‌ದಾರರಿಗೆ ಸಿಗುವ ರಿವಾರ್ಡ್ ಪಾಯಿಂಟ್, ಕ್ಯಾಶ್‌ಬ್ಯಾಕ್‌ಗಳ ಖರ್ಚು ಬಹುಪಾಲು ಈ ಇಂಟರ್‌ಚೇಂಜಿನಿಂದಲೇ ಹುಟ್ಟುತ್ತದೆ. ವ್ಯಾಪಾರಿ ಅದನ್ನು ಸರಕಿನ ಬೆಲೆಯಲ್ಲಿ ಸೇರಿಸಿಕೊಂಡರೆ, ಕಾರ್ಡೇ ಇಲ್ಲದೆ ನಗದು ಎಣಿಸಿ ಕೊಡುವವರೂ ಅದೇ ಬೆಲೆ ತೆರುತ್ತಾರೆ. ಪಾಯಿಂಟ್ ಪಡೆದವರು ಒಬ್ಬರು, ಅದಕ್ಕೆ ಪಾಲು ಕೊಟ್ಟವರು ಇನ್ನೊಬ್ಬರು ಎಂಬ ಈ ವಿಚಿತ್ರ ಸಂಗತಿ ಬಿಲ್ಲಿನಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಹಂತ 2: ಕಾರ್ಡಿನ ಬಗೆ ಗುರುತಿಸಿ, ಅದರ ದರ ನೋಡಿ

ಕಾರ್ಡಿನ ಮೇಲೆ ‘ಡೆಬಿಟ್’ ಅಥವಾ ‘ಕ್ರೆಡಿಟ್’ ಎಂಬ ಪದವನ್ನೂ ಜಾಲದ ಚಿಹ್ನೆಯನ್ನೂ ನೋಡಿ. ಭಾರತದಲ್ಲಿ ದರ ನಿಂತಿರುವುದು ಈ ಎರಡರ ಮೇಲೆ.

ರುಪೇ ಡೆಬಿಟ್ ಕಾರ್ಡ್ ಮತ್ತು ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಯುಪಿಐ ಪಾವತಿಗೆ 2020ರ ಜನವರಿ 1ರಿಂದ ಎಂಡಿಆರ್ ಸೊನ್ನೆ. ಇಲ್ಲಿ ಬ್ಯಾಂಕ್ ವ್ಯಾಪಾರಿಯಿಂದ ಏನನ್ನೂ ಕಡಿಯುವಂತಿಲ್ಲ. ಹೀಗಾಗಿ ವ್ಯಾಪಾರಿ ಗ್ರಾಹಕರಿಂದ ‘ಬ್ಯಾಂಕ್ ಚಾರ್ಜ್’ ಕೇಳಲು ಆಧಾರವೇ ಇಲ್ಲ.

ವೀಸಾ, ಮಾಸ್ಟರ್‌ಕಾರ್ಡ್ ಡೆಬಿಟ್ ಕಾರ್ಡ್‌ಗಳಿಗೆ ರಿಸರ್ವ್ ಬ್ಯಾಂಕ್ ಗರಿಷ್ಠ ಮಿತಿ ಹಾಕಿದೆ. 2018ರ ಜನವರಿ 1ರಿಂದ ಜಾರಿಯಾದ ಈ ಮಿತಿ ಅಂಗಡಿಯ ಗಾತ್ರವನ್ನು ನೋಡುತ್ತದೆ. ಹಿಂದಿನ ಆರ್ಥಿಕ ವರ್ಷದಲ್ಲಿ ₹20 ಲಕ್ಷದವರೆಗೆ ವಹಿವಾಟು ನಡೆಸಿದ ಸಣ್ಣ ವ್ಯಾಪಾರಿಗೆ ಶೇ 0.40, ಒಂದು ವಹಿವಾಟಿಗೆ ₹200 ಮೀರುವಂತಿಲ್ಲ. ಅದಕ್ಕಿಂತ ದೊಡ್ಡ ವ್ಯಾಪಾರಿಗೆ ಶೇ 0.90, ಒಂದು ವಹಿವಾಟಿಗೆ ₹1,000 ಮೀರುವಂತಿಲ್ಲ. ಕಾರ್ಡಿನ ಹಣವನ್ನು ಕ್ಯೂಆರ್ ಸಂಕೇತದ ಮೂಲಕ ಪಡೆದರೆ ಈ ದರಗಳು ಕ್ರಮವಾಗಿ ಶೇ 0.30 ಮತ್ತು ಶೇ 0.80.

ಕ್ರೆಡಿಟ್ ಕಾರ್ಡ್‌ಗೆ ಇಂತಹ ಮಿತಿಯಿಲ್ಲ. ಬ್ಯಾಂಕಿಗೂ ವ್ಯಾಪಾರಿಗೂ ಕುದುರಿದ ದರವೇ ದರ. ಸಾಮಾನ್ಯವಾಗಿ ಅದು ಶೇ 1.5ರಿಂದ 3ರ ನಡುವೆ ಇರುತ್ತದೆ. ಕಂಪನಿಗಳಿಗೆ ಕೊಡುವ ಕಾರ್ಡ್, ದುಬಾರಿ ಸವಲತ್ತುಗಳ ಪ್ರೀಮಿಯಂ ಕಾರ್ಡ್ ಮತ್ತು ವಿದೇಶಿ ಬ್ಯಾಂಕ್‌ಗಳ ಕಾರ್ಡ್‌ಗಳಿಗೆ ಹೆಚ್ಚು. ‘ಎರಡು ಪರ್ಸೆಂಟ್’ ಎಂಬ ಮಾತು ಹುಟ್ಟಿದ್ದು ಇಲ್ಲಿ. ತೊಂದರೆಯೆಂದರೆ, ಹುಟ್ಟಿದ ಜಾಗ ಮರೆತು ಅದು ಎಲ್ಲ ಕಾರ್ಡ್‌ಗಳಿಗೂ ಅಂಟಿಕೊಂಡಿದೆ.

ನಾಲ್ಕನೆಯ ಬಗೆಯೊಂದು ವ್ಯಾಪಾರಿಗಳನ್ನು ಹೆಚ್ಚು ಗಲಿಬಿಲಿಗೊಳಿಸುತ್ತದೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐ ಆ್ಯಪ್‌ಗೆ ಜೋಡಿಸಲು ಅವಕಾಶವಿದೆ. ಗ್ರಾಹಕರು ಎಂದಿನಂತೆ ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ, ಸ್ಪೀಕರ್ ಡಬ್ಬಿಯೂ ಎಂದಿನಂತೆ ಮೊತ್ತ ಕೂಗುತ್ತದೆ, ಆದರೆ ಹಣ ಬಂದದ್ದು ಕ್ರೆಡಿಟ್ ಕಾರ್ಡಿನಿಂದ. ಸಣ್ಣ ವ್ಯಾಪಾರಿಗಳಿಗೆ ₹2,000ದವರೆಗಿನ ಇಂತಹ ಪಾವತಿಗೆ ಶುಲ್ಕವಿಲ್ಲ. ಅದನ್ನು ಮೀರಿದರೆ ಕ್ರೆಡಿಟ್ ಕಾರ್ಡ್‌ನಂತೆಯೇ ಕಡಿತವಾಗುತ್ತದೆ. ‘ಯುಪಿಐಗೆ ಶುಲ್ಕವಿಲ್ಲ ಎಂದವರು ಈಗ ಕಡಿಯುತ್ತಿದ್ದಾರೆ’ ಎಂದು ದೂರುವ ಮೊದಲು ವರದಿಯಲ್ಲಿ ಆ ಪಾವತಿಯ ಮೂಲ ಯಾವುದೆಂದು ನೋಡಿ.

ಹಂತ 3: ಒಂದು ಬಿಲ್ಲಿನ ಲೆಕ್ಕವನ್ನು ಕೈಯಾರೆ ಹಾಕಿ

₹4,000ದ ಮಿಕ್ಸಿಯೊಂದು ಮಾರಾಟವಾಯಿತು ಎಂದುಕೊಳ್ಳಿ. ಅಂಗಡಿಯ ವಾರ್ಷಿಕ ವಹಿವಾಟು ₹20 ಲಕ್ಷ ದಾಟಿದೆ, ಕ್ರೆಡಿಟ್ ಕಾರ್ಡ್ ದರ ಶೇ 2.

ರುಪೇ ಡೆಬಿಟ್ ಅಥವಾ ಖಾತೆಯಿಂದ ಯುಪಿಐ: ಕಡಿತ ಸೊನ್ನೆ, ಜಮೆ ₹4,000.

ವೀಸಾ ಡೆಬಿಟ್: ಶೇ 0.90ರಂತೆ ₹36, ಅದರ ಮೇಲೆ ಶೇ 18 ಜಿಎಸ್‌ಟಿ ₹6.48, ಜಮೆ ₹3,957.52.

ಕ್ರೆಡಿಟ್ ಕಾರ್ಡ್: ಶೇ 2ರಂತೆ ₹80, ಜಿಎಸ್‌ಟಿ ₹14.40, ಜಮೆ ₹3,905.60.

ಇಲ್ಲಿ ಜಿಎಸ್‌ಟಿ ಬೀಳುವುದು ಶುಲ್ಕದ ಮೇಲೆ, ಬಿಲ್ಲಿನ ಮೊತ್ತದ ಮೇಲಲ್ಲ. ₹2,000ದವರೆಗಿನ ಕಾರ್ಡ್ ವಹಿವಾಟಿನ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿಯಿದೆ. ₹1,800ರ ಬಿಲ್ಲಿಗೆ ಶೇ 2 ಎಂದರೆ ₹36, ಅಷ್ಟೇ.

ಈಗ ಲಾಭದ ಬದಿಯಿಂದ ನೋಡಿ. ಮಿಕ್ಸಿಯ ಮೇಲೆ ಅಂಗಡಿಗೆ ಸಿಗುವುದು ಶೇ 5, ಅಂದರೆ ₹200 ಎಂದಿಟ್ಟುಕೊಂಡರೆ, ಕ್ರೆಡಿಟ್ ಕಾರ್ಡಿನ ₹94.40 ಆ ಲಾಭದ ಅರ್ಧದಷ್ಟನ್ನು ತಿಂದುಹಾಕುತ್ತದೆ. ಅದೇ ₹4,000ಕ್ಕೆ ಶೇ 25 ಲಾಭವಿಟ್ಟು ಸೀರೆ ಮಾರುವವರಿಗೆ ಅದು ಹತ್ತರಲ್ಲಿ ಒಂದು ಪಾಲೂ ಅಲ್ಲ. ಶುಲ್ಕ ನಿಗದಿಯಾಗುವುದು ಮಾರಾಟದ ಮೊತ್ತದ ಮೇಲೆ, ಲಾಭದ ಮೇಲಲ್ಲ. ಮೊಬೈಲ್ ಅಂಗಡಿ, ದಿನಸಿಯ ಸಗಟು ಮಳಿಗೆ, ಪೆಟ್ರೋಲ್ ಬಂಕ್ ಮತ್ತು ಚಿನ್ನದಂಗಡಿಗಳಲ್ಲಿ ಕಾರ್ಡ್ ಎಂದೊಡನೆ ಮುಖ ಗಂಟಿಕ್ಕುವುದಕ್ಕೂ ಹೋಟೆಲ್, ಬಟ್ಟೆ ಅಂಗಡಿಗಳಲ್ಲಿ ನಗುತ್ತಾ ಯಂತ್ರ ಮುಂದೆ ಚಾಚುವುದಕ್ಕೂ ಇರುವ ವ್ಯತ್ಯಾಸ ಬಹುಮಟ್ಟಿಗೆ ಇಷ್ಟೇ. 2017ರ ಜನವರಿಯಲ್ಲಿ ಬಂಕ್ ಮಾಲೀಕರು ಕಾರ್ಡ್ ಪಡೆಯುವುದನ್ನೇ ನಿಲ್ಲಿಸುತ್ತೇವೆಂದು ಎಚ್ಚರಿಸಿ ಬಳಿಕ ಹಿಂದೆ ಸರಿದದ್ದು ಸಹ ಈ ಲೆಕ್ಕದ ಮೇಲೆಯೇ: ಲೀಟರಿಗೆ ನಿಗದಿಯಾದ ಕಮಿಷನ್ ಮೇಲೆ ಬದುಕುವವರಿಗೆ ಮಾರಾಟದ ಶೇ 1 ದೊಡ್ಡ ಮೊತ್ತ.

ಗರಿಷ್ಠ ಮಿತಿಯ ಉಪಯೋಗವನ್ನೂ ಗಮನಿಸಿ. ₹1,50,000ದ ಒಡವೆಗೆ ವೀಸಾ ಡೆಬಿಟ್ ಕಾರ್ಡ್ ಕೊಟ್ಟರೆ ಶೇ 0.90 ಎಂದರೆ ₹1,350 ಆಗಬೇಕು, ಆದರೆ ಮಿತಿಯ ಕಾರಣ ಕಡಿತ ₹1,000 ಮತ್ತು ಅದರ ಜಿಎಸ್‌ಟಿ ಮಾತ್ರ. ಕ್ರೆಡಿಟ್ ಕಾರ್ಡ್ ಆಗಿದ್ದರೆ ಶೇ 2ರಂತೆ ₹3,000. ದೊಡ್ಡ ಬಿಲ್ಲಿನಲ್ಲಿ ಬೆಲೆ ಕುದುರಿಸುವ ಗ್ರಾಹಕರು ‘ಡೆಬಿಟ್ ಕಾರ್ಡ್ ಅಥವಾ ಬ್ಯಾಂಕ್ ವರ್ಗಾವಣೆ ಮಾಡುತ್ತೇನೆ, ಉಳಿಯುವ ಶುಲ್ಕದಲ್ಲಿ ನನಗೂ ಸ್ವಲ್ಪ ಬಿಡಿ’ ಎಂದು ಕೇಳುವುದಕ್ಕೆ ಈ ವ್ಯತ್ಯಾಸವೇ ಬಲ.

ಹಂತ 4: ಗ್ರಾಹಕರೇ, ಹೆಚ್ಚುವರಿ ಕೇಳಿದಾಗ ಹೀಗೆ ಮಾಡಿ

ಮೊದಲು ‘ಇದು ಡೆಬಿಟ್ ಕಾರ್ಡ್’ ಎಂದು ಸ್ಪಷ್ಟವಾಗಿ ಹೇಳಿ. ಡೆಬಿಟ್ ಕಾರ್ಡ್ ಪಾವತಿಗೆ ವ್ಯಾಪಾರಿಗಳು ಗ್ರಾಹಕರಿಂದ ಶುಲ್ಕ ಪಡೆಯುವುದು ಸಮರ್ಥನೀಯವಲ್ಲ, ಹಾಗೆ ಮಾಡುವ ಅಂಗಡಿಯೊಂದಿಗಿನ ಸಂಬಂಧವನ್ನು ಬ್ಯಾಂಕ್ ಕಡಿದುಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಹೇಳಿತ್ತು. 2017ರ ಡಿಸೆಂಬರಿನ ಸುತ್ತೋಲೆಯಲ್ಲಿಯೂ ಎಂಡಿಆರ್ ಹೊರೆ ಗ್ರಾಹಕರ ಮೇಲೆ ಬೀಳದಂತೆ ನೋಡಿಕೊಳ್ಳುವ ಹೊಣೆಯನ್ನು ಬ್ಯಾಂಕ್‌ಗಳಿಗೆ ವಹಿಸಿದೆ. ಅನೇಕ ಅಂಗಡಿಗಳಲ್ಲಿ ಇಷ್ಟು ಹೇಳಿದರೆ ಸಾಕು, ಏಕೆಂದರೆ ಗಲ್ಲಾದಲ್ಲಿ ಕುಳಿತ ಹುಡುಗನಿಗೆ ಮಾಲೀಕರು ಕಲಿಸಿದ್ದು ‘ಕಾರ್ಡ್ ಎಂದರೆ ಎರಡು ಪರ್ಸೆಂಟ್’ ಎಂಬ ಒಂದೇ ಪಾಠ.

ಕ್ರೆಡಿಟ್ ಕಾರ್ಡಿನ ಸಂಗತಿ ಅಷ್ಟು ನೇರವಲ್ಲ. ವ್ಯಾಪಾರಿ ಬ್ಯಾಂಕಿನೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಗ್ರಾಹಕರ ಮೇಲೆ ಹೆಚ್ಚುವರಿ ಹೇರಬಾರದೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಆದರೂ ಕೇಳುವವರು ಕೇಳುತ್ತಲೇ ಇದ್ದಾರೆ. ನಿಮಗೆ ಮೂರು ದಾರಿಗಳಿವೆ: ಡೆಬಿಟ್ ಅಥವಾ ಯುಪಿಐಗೆ ಬದಲಿಸುವುದು, ಬೇರೆ ಅಂಗಡಿ ನೋಡುವುದು, ಇಲ್ಲವೇ ಹೆಚ್ಚುವರಿ ಮೊತ್ತವನ್ನು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಬರೆಸಿಕೊಂಡು ಕೊಟ್ಟು ನಂತರ ದೂರುವುದು. ಬಿಲ್ಲಿನಲ್ಲಿ ಬರೆಯಲು ಒಪ್ಪದೆ ಯಂತ್ರದಲ್ಲಿ ಮಾತ್ರ ₹4,080 ಒತ್ತುವ ಅಂಗಡಿಯಲ್ಲಿ ಕಾರ್ಡ್ ಕೊಡಬೇಡಿ. ಸರಕಿಗೆ ತೊಂದರೆಯಾಗಿ ಹಣ ವಾಪಸ್ ಕೇಳುವ ದಿನ ಬಂದರೆ ಬಿಲ್ಲಿನಲ್ಲಿರುವ ₹4,000 ಮಾತ್ರ ನಿಮ್ಮ ಪಾಲಿಗೆ ಬರುತ್ತದೆ.

ನಗದಿಗೆ ರಿಯಾಯಿತಿ ಕೊಡುವುದು ಬೇರೆ, ಕಾರ್ಡ್‌ಗೆ ದಂಡ ಹಾಕುವುದು ಬೇರೆ ಎಂಬುದೂ ನೆನಪಿರಲಿ. ಮೊದಲನೆಯದನ್ನು ವ್ಯಾಪಾರಿ ತನ್ನ ಲಾಭದಿಂದ ಬಿಟ್ಟುಕೊಡುತ್ತಾನೆ. ಎರಡನೆಯದು ತೋರಿಸಿದ ಬೆಲೆಯ ಮೇಲೆ ಏರಿಸುವುದು, ಎಂಆರ್‌ಪಿ ಮುದ್ರಿತವಾದ ಸರಕಿನಲ್ಲಂತೂ ಅದಕ್ಕೆ ಇನ್ನೂ ಬಲ ಕಡಿಮೆ.

‘ಕನ್ವೀನಿಯನ್ಸ್ ಫೀ’ ಮತ್ತೊಂದು ಬಗೆ. ಆನ್‌ಲೈನಿನಲ್ಲಿ ಟಿಕೆಟ್, ಶಾಲಾ ಶುಲ್ಕ ಮುಂತಾದವನ್ನು ಕಟ್ಟುವಾಗ ಸೇವೆಗೆಂದು ಮೊದಲೇ ತೋರಿಸಿ ಪಡೆಯುವ ಮೊತ್ತ ಇದು. ಐಆರ್‌ಸಿಟಿಸಿ ಜಾಲತಾಣದಲ್ಲಿ ರೈಲು ಟಿಕೆಟಿಗೆ 2019ರ ಸೆಪ್ಟೆಂಬರಿನಿಂದ ಇದು ಮತ್ತೆ ಜಾರಿಯಾದಾಗ ಯುಪಿಐ ಬಳಸುವವರಿಗೆ ಕಡಿಮೆ ಮೊತ್ತ ನಿಗದಿಯಾಯಿತು. ಕೊನೆಯ ಪುಟದಲ್ಲಿ ಪಾವತಿಯ ವಿಧಾನ ಬದಲಿಸಿ ನೋಡಿದರೆ ಮೊತ್ತ ಬದಲಾಗುವುದುಂಟು. ಆ ಅರ್ಧ ನಿಮಿಷ ವ್ಯರ್ಥವಲ್ಲ.

ಹಂತ 5: ಪಾಯಿಂಟ್, ಇಎಂಐ, ಪೆಟ್ರೋಲ್, ವಿದೇಶ: ನಾಲ್ಕು ಗುಂಡಿಗಳು

ಪಾಯಿಂಟ್‌ಗಾಗಿ ಶೇ 2 ಹೆಚ್ಚು ಕೊಡುವುದು ಬಹುಪಾಲು ನಷ್ಟದ ವ್ಯಾಪಾರ. ಸಾಮಾನ್ಯ ಕಾರ್ಡ್‌ನಲ್ಲಿ ಸಿಗುವ ಪಾಯಿಂಟ್‌ಗಳನ್ನು ರೂಪಾಯಿಗೆ ಇಳಿಸಿದರೆ ಶೇ 1ರ ಆಸುಪಾಸಿನಲ್ಲಿಯೇ ಇರುತ್ತವೆ. ಬಾಕಿಯನ್ನು ಪೂರ್ತಿ ತೀರಿಸದೆ ‘ಕನಿಷ್ಠ ಮೊತ್ತ’ ಕಟ್ಟಿ ಮುಂದೂಡಿದರೆ ತಿಂಗಳಿಗೆ ಶೇ 3ಕ್ಕೂ ಮೇಲೆ ಬಡ್ಡಿ ಬೀಳುವುದರಿಂದ, ಆಗ ಪಾಯಿಂಟ್‌ಗಳ ಮಾತೇ ಹಾಸ್ಯಾಸ್ಪದ.

‘ನೋ ಕಾಸ್ಟ್ ಇಎಂಐ’ ಎಂದಾಗ ನಗದಿಗೆ ಬೆಲೆ ಎಷ್ಟು ಎಂದು ಕೇಳಿ. ಬಡ್ಡಿಯಿಲ್ಲದ ಸಾಲ ಎಂಬುದೊಂದಿಲ್ಲ, ಅದು ಸಂಸ್ಕರಣಾ ಶುಲ್ಕದಲ್ಲೋ ತಪ್ಪಿದ ರಿಯಾಯಿತಿಯಲ್ಲೋ ಅಡಗಿರುತ್ತದೆ ಎಂಬ ಅಭಿಪ್ರಾಯವನ್ನು ರಿಸರ್ವ್ ಬ್ಯಾಂಕ್ 2013ರಲ್ಲೇ ದಾಖಲಿಸಿದೆ. ಕ್ರೆಡಿಟ್ ಕಾರ್ಡ್ ಇಎಂಐನಲ್ಲಿ ಬಡ್ಡಿಯ ಭಾಗಕ್ಕೆ ಶೇ 18 ಜಿಎಸ್‌ಟಿ ಕೂಡ ಸೇರುತ್ತದೆ.

ಬಂಕ್‌ನಲ್ಲಿ ಕ್ರೆಡಿಟ್ ಕಾರ್ಡ್ ಕೊಟ್ಟಾಗ ಶೇ 1ರಷ್ಟು ಇಂಧನ ಸರ್‌ಚಾರ್ಜ್ ಬಿದ್ದು ನಂತರ ಸ್ಟೇಟ್‌ಮೆಂಟಿನಲ್ಲಿ ಹಿಂದಿರುಗುವುದು ಹಲವು ಕಾರ್ಡ್‌ಗಳ ಪದ್ಧತಿ. ಅದಕ್ಕೆ ಕನಿಷ್ಠ, ಗರಿಷ್ಠ ಬಿಲ್ ಮೊತ್ತದ ಷರತ್ತಿರುತ್ತದೆ, ಸರ್‌ಚಾರ್ಜಿನ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ.

ವಿದೇಶದಲ್ಲಿ ಯಂತ್ರ ‘ರೂಪಾಯಿಯಲ್ಲಿ ಕೊಡುವಿರಾ, ಸ್ಥಳೀಯ ಕರೆನ್ಸಿಯಲ್ಲಿ ಕೊಡುವಿರಾ’ ಎಂದು ಕೇಳಿದರೆ ಸ್ಥಳೀಯ ಕರೆನ್ಸಿಯನ್ನೇ ಆರಿಸಿ. ರೂಪಾಯಿ ಆರಿಸಿದರೆ ವಿನಿಮಯ ದರವನ್ನು ಅಲ್ಲಿನವರು ತಮಗೆ ಅನುಕೂಲವಾಗುವಂತೆ ಹಾಕುತ್ತಾರೆ.

ಹಂತ 6: ವ್ಯಾಪಾರಿಗಳೇ, ಒಂದು ತಿಂಗಳ ನಿಜವಾದ ದರ ಕಂಡುಹಿಡಿಯಿರಿ

ಸೆಟ್ಲ್‌ಮೆಂಟ್ ವರದಿಯನ್ನು ನಾಲ್ಕು ಗುಂಪು ಮಾಡಿ: ಖಾತೆಯಿಂದ ಯುಪಿಐ, ರುಪೇ ಡೆಬಿಟ್, ಇತರ ಡೆಬಿಟ್, ಕ್ರೆಡಿಟ್. ಉದಾಹರಣೆಗೆ ತಿಂಗಳಿಗೆ ₹6,00,000 ಎಲೆಕ್ಟ್ರಾನಿಕ್ ಮಾರಾಟವಿದ್ದು, ಅದರಲ್ಲಿ ಮೊದಲೆರಡು ಗುಂಪು ಸೇರಿ ₹4,00,000, ಇತರ ಡೆಬಿಟ್ ₹80,000, ಕ್ರೆಡಿಟ್ ₹1,20,000 ಎಂದಿಟ್ಟುಕೊಳ್ಳಿ. ಡೆಬಿಟ್ ಶುಲ್ಕ ಶೇ 0.90ರಂತೆ ₹720, ಕ್ರೆಡಿಟ್ ಶುಲ್ಕ ಶೇ 2ರಂತೆ ₹2,400, ಎಲ್ಲವೂ ₹2,000 ಮೀರಿದ ಬಿಲ್ಲುಗಳಾದರೆ ಜಿಎಸ್‌ಟಿ ₹561.60, ಯಂತ್ರದ ಬಾಡಿಗೆ ₹300. ಒಟ್ಟು ₹3,981.60. ಆರು ಲಕ್ಷಕ್ಕೆ ಹೋಲಿಸಿದರೆ ನೂರಕ್ಕೆ 66 ಪೈಸೆ.

ನಿಮ್ಮ ಅಂಗಡಿಯ ಅಂಕಿ ಬೇರೆ ಬರಬಹುದು, ಆದರೆ ಈ ಅಂಕಿ ಕೈಯಲ್ಲಿಲ್ಲದೆ ಗ್ರಾಹಕರಿಗೆ ಶೇ 2 ಹೇರುವುದು ಊಹೆಯ ವ್ಯಾಪಾರ. ನನ್ನ ಅಭಿಪ್ರಾಯದಲ್ಲಿ, ಇಷ್ಟು ಖರ್ಚನ್ನು ಅಂಗಡಿ ಬಾಡಿಗೆ, ವಿದ್ಯುತ್ ಬಿಲ್ಲಿನಂತೆ ಬೆಲೆಯೊಳಗೇ ಅಡಗಿಸಿಕೊಳ್ಳುವುದು ಹೆಚ್ಚುವರಿ ಕೇಳಿ ಗಿರಾಕಿಯನ್ನು ಕಳೆದುಕೊಳ್ಳುವುದಕ್ಕಿಂತ ಮೇಲು. ನಗದಿಗೂ ಖರ್ಚಿದೆ ಎಂಬುದನ್ನು ಮರೆಯಬೇಡಿ: ಎಣಿಕೆ, ಚಿಲ್ಲರೆಯ ಪರದಾಟ, ಖೋಟಾ ನೋಟಿನ ಭಯ, ಚಾಲ್ತಿ ಖಾತೆಗೆ ಮಿತಿ ಮೀರಿ ನಗದು ಕಟ್ಟಿದಾಗ ಬ್ಯಾಂಕ್ ಹಾಕುವ ಶುಲ್ಕ.

ಪುಸ್ತಕ ಬರೆಯುವಾಗ ಆಗುವ ದೊಡ್ಡ ತಪ್ಪು ಒಂದಿದೆ. ಖಾತೆಗೆ ₹3,905.60 ಬಂತೆಂದು ಅದನ್ನೇ ಮಾರಾಟ ಎಂದು ಬರೆಯಬಾರದು. ಮಾರಾಟ ₹4,000, ಬ್ಯಾಂಕ್ ಶುಲ್ಕ ₹80 ಖರ್ಚು, ₹14.40 ಜಿಎಸ್‌ಟಿ ಎಂದು ಮೂರಾಗಿ ಬರೆಯಬೇಕು. ಸಾಮಾನ್ಯ ಜಿಎಸ್‌ಟಿ ಪದ್ಧತಿಯಲ್ಲಿರುವವರು ಆ ₹14.40ನ್ನು ಇನ್‌ಪುಟ್ ಕ್ರೆಡಿಟ್ ಆಗಿ (ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತ) ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ (ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ಸಣ್ಣ ವ್ಯಾಪಾರಿಗಳಿಗೆ) ಆ ಅವಕಾಶವಿಲ್ಲ.

ಶುಲ್ಕವನ್ನೂ ತೆರಿಗೆಯನ್ನೂ ಬೆರೆಸಬೇಡಿ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಬೆಂಗಳೂರಿನ ಹಲವು ಅಂಗಡಿಗಳು ಕ್ಯೂಆರ್ ತೆಗೆದು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದವು. ಆದರೆ ಜಿಎಸ್‌ಟಿ ನೋಂದಣಿಯ ಹೊಣೆ ಹುಟ್ಟುವುದು ವಾರ್ಷಿಕ ವಹಿವಾಟಿನಿಂದ, ನಮ್ಮ ರಾಜ್ಯದಲ್ಲಿ ಸರಕಿಗೆ ₹40 ಲಕ್ಷ, ಸೇವೆಗೆ ₹20 ಲಕ್ಷ ಮೀರಿದಾಗ. ಹಣ ನೋಟಿನಲ್ಲಿ ಬಂದರೂ ಮೊಬೈಲಿನಲ್ಲಿ ಬಂದರೂ ವಹಿವಾಟು ವಹಿವಾಟೇ. ಇದಕ್ಕೆ ವ್ಯತಿರಿಕ್ತವಾಗಿ ಆದಾಯ ತೆರಿಗೆಯ ಅಂದಾಜು ಲಾಭದ ಪದ್ಧತಿಯಲ್ಲಿ ಎಲೆಕ್ಟ್ರಾನಿಕ್ ಮಾರಾಟಕ್ಕೆ ಕನಿಷ್ಠ ಲಾಭ ಶೇ 6 ಎಂದೂ ನಗದಿಗೆ ಶೇ 8 ಎಂದೂ ಹಿಡಿಯುತ್ತಾರೆ. ಆ ಉಳಿತಾಯವನ್ನೂ ಶುಲ್ಕದ ಎದುರು ತೂಗಿ ನೋಡಿ.

ಹಂತ 7: ಬ್ಯಾಂಕಿನೊಂದಿಗೆ ದರ ಮಾತಾಡಿ

ನಿಮ್ಮ ವಹಿವಾಟು ₹20 ಲಕ್ಷದೊಳಗಿದ್ದೂ ಡೆಬಿಟ್ ಕಾರ್ಡ್‌ಗೆ ಶೇ 0.90 ಕಡಿಯುತ್ತಿದ್ದರೆ, ಹಿಂದಿನ ವರ್ಷದ ರಿಟರ್ನ್ ಲಗತ್ತಿಸಿ ವರ್ಗ ಬದಲಿಸುವಂತೆ ಲಿಖಿತವಾಗಿ ಕೇಳಿ. ರುಪೇ ಡೆಬಿಟ್‌ಗೆ ಏನಾದರೂ ಕಡಿತ ಕಂಡರೆ ಆ ಸಾಲುಗಳಿಗೆ ಗುರುತು ಹಾಕಿ ವಾಪಸ್ ಕೇಳಿ. ಕ್ರೆಡಿಟ್ ಕಾರ್ಡ್ ದರವನ್ನು ಕುದುರಿಸಬಹುದು. ಇನ್ನೊಂದು ಬ್ಯಾಂಕಿನ ಲಿಖಿತ ದರಪಟ್ಟಿ ಜೊತೆಯಲ್ಲಿದ್ದರೆ ಮಾತು ಬೇಗ ಮುಗಿಯುತ್ತದೆ. ದರ ಮಾತ್ರ ನೋಡದೆ ಬಾಡಿಗೆ, ಕನಿಷ್ಠ ಮಾಸಿಕ ವಹಿವಾಟಿನ ಷರತ್ತು, ಒಪ್ಪಂದ ಮುರಿದರೆ ದಂಡ, ಹಣ ಎಷ್ಟು ದಿನಕ್ಕೆ ಜಮೆ ಎಂಬುದನ್ನೂ ಕೇಳಿ. ‘ಶೂನ್ಯ ಬಾಡಿಗೆ’ ಎಂದವರು ದರದಲ್ಲಿ ವಸೂಲಿ ಮಾಡುತ್ತಾರೆ.

ಎರಡು ಎಚ್ಚರಿಕೆಗಳು. ಸರಕು ವಾಪಸ್ ಬಂದಾಗ ಹಣವನ್ನು ಅದೇ ಕಾರ್ಡಿಗೆ ಹಿಂದಿರುಗಿಸಿ, ಕೈಗೆ ನಗದು ಕೊಡಬೇಡಿ. ಗ್ರಾಹಕರು ಬಳಿಕ ಬ್ಯಾಂಕಿನಲ್ಲಿ ತಕರಾರು ಎತ್ತಿದರೆ ಎರಡು ಬಾರಿ ಕೊಟ್ಟಂತಾಗುತ್ತದೆ. ‘ಕಾರ್ಡ್ ಉಜ್ಜಿಕೊಂಡು ಮೂರು ಪರ್ಸೆಂಟ್ ಹಿಡಿದು ನಗದು ಕೊಡಿ’ ಎಂದು ಬರುವವರಿಗೆ, ಎಷ್ಟೇ ಪರಿಚಿತರಾದರೂ, ಇಲ್ಲ ಎನ್ನಿ. ಸರಕಿಲ್ಲದ ಮಾರಾಟ ಒಪ್ಪಂದದ ಉಲ್ಲಂಘನೆ, ಯಂತ್ರ ಹೋಗುವುದಲ್ಲದೆ ಖಾತೆಯೂ ತಡೆಹಿಡಿಯಲ್ಪಡಬಹುದು.

ಹಂತ 8: ಹಣ ಸಿಕ್ಕಿಹಾಕಿಕೊಂಡರೆ, ದೂರು ಕೊಡಬೇಕಾದರೆ

ಖಾತೆಯಿಂದ ಹಣ ಹೋಗಿ ಅಂಗಡಿಯ ಯಂತ್ರಕ್ಕೆ ದೃಢೀಕರಣ ಬಾರದಿದ್ದರೆ, ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಬ್ಯಾಂಕ್ ತಾನಾಗಿ ಹಿಂದಿರುಗಿಸಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ. 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಆದೇಶದ ಈ ಪರಿಹಾರವನ್ನು ಕೇಳದಿದ್ದರೂ ಕೊಡಬೇಕು, ಆದರೆ ಕೇಳುವುದು ಕ್ಷೇಮ. ಅಲ್ಲಿಯೇ ಎರಡನೆಯ ಬಾರಿ ಪಾವತಿಸಿದರೆ ಮೊದಲನೆಯದು ವಿಫಲವಾದ ಚೀಟಿಯನ್ನು ಮುದ್ರಿಸಿಕೊಂಡು ಹೋಗಿ.

ಹೆಚ್ಚುವರಿ ಪಡೆದ ಅಂಗಡಿಯ ವಿರುದ್ಧ ದೂರಿಗೆ ಬಿಲ್, ಕಾರ್ಡ್ ಚೀಟಿ, ಬ್ಯಾಂಕ್ ಸಂದೇಶ, ಈ ಮೂರನ್ನೂ ಇಟ್ಟುಕೊಳ್ಳಿ. ಯಂತ್ರ ಯಾವ ಬ್ಯಾಂಕಿನದೆಂದು ಚೀಟಿಯ ಮೇಲ್ಭಾಗದಲ್ಲಿ ಮುದ್ರಿತವಾಗಿರುತ್ತದೆ. ಮೊದಲ ದೂರು ಆ ಬ್ಯಾಂಕಿಗೆ, ಪ್ರತಿ ನಿಮ್ಮ ಬ್ಯಾಂಕಿಗೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕ್‌ಗಳ ವಿರುದ್ಧದ ದೂರು ವಿಚಾರಿಸುವ ಅಧಿಕಾರಿ) ಅದರ ದೂರು ಜಾಲತಾಣದ ಮೂಲಕ ಉಚಿತವಾಗಿ ದೂರು ಸಲ್ಲಿಸಬಹುದು, ಮಾಹಿತಿಗೆ 14448. ಅಂಗಡಿಯ ನಡವಳಿಕೆ, ಎಂಆರ್‌ಪಿ ಮೀರಿದ ವಸೂಲಿಯಂಥ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬ್ಯಾಂಕಿಗೆ ಮೊದಲು ಬರೆಯದೆ ನೇರವಾಗಿ ಒಂಬುಡ್ಸ್‌ಮನ್‌ಗೆ ಹೋದ ದೂರುಗಳು ತಿರಸ್ಕೃತವಾಗುತ್ತವೆ, ಆದ್ದರಿಂದ ಬ್ಯಾಂಕ್ ಕೊಟ್ಟ ದೂರು ಸಂಖ್ಯೆಯನ್ನು ದಿನಾಂಕದೊಡನೆ ಬರೆದಿಟ್ಟುಕೊಳ್ಳಿ.